ಅಪ್ರೈಸಲ್ ನಿಯಮವೂ ಕಚೇರಿಯ ಸಂಸ್ಕೃತಿಯೂ: ಮೈಕ್ರೋಸಾಫ್ಟ್ ಉದಾಹರಣೆಯಿಂದ ತಿಳಿಯಬಹುದಾದದ್ದು

ದೊಡ್ಡ ತಂತ್ರಜ್ಞಾನ ಕಂಪನಿಯೊಂದರ ಕಾರ್ಯಸಂಸ್ಕೃತಿಯನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಸಂಗತಿಗಳನ್ನೇ ಎಣಿಸುತ್ತಾರೆ: ಗಾಜಿನ ಕಟ್ಟಡ, ಕಡಿಮೆ ದರದ ಊಟ, ಜಿಮ್, ಮನೆಬಾಗಿಲಿಗೆ ಬರುವ ಕ್ಯಾಬ್, ಗೋಡೆಯ ಮೇಲೆ ಬರೆಸಿದ ಮೌಲ್ಯಗಳ ಪಟ್ಟಿ. ಇವು ಸೌಕರ್ಯಗಳು. ಉದ್ಯೋಗಿಯೊಬ್ಬ ತನಗೆ ಗೊತ್ತಿರುವುದನ್ನು ಪಕ್ಕದ ಮೇಜಿನವನಿಗೆ ಹೇಳಿಕೊಡುತ್ತಾನೋ ಮುಚ್ಚಿಡುತ್ತಾನೋ, ತಪ್ಪು ಕಂಡಾಗ ಬಾಯಿ ಬಿಡುತ್ತಾನೋ ಸುಮ್ಮನಾಗುತ್ತಾನೋ ಎಂಬಲ್ಲಿ ಸಂಸ್ಕೃತಿ ಕಾಣಿಸಿಕೊಳ್ಳುತ್ತದೆ. ಮತ್ತು ಅದನ್ನು ಬಹುಮಟ್ಟಿಗೆ ರೂಪಿಸುವುದು ಅಪ್ರೈಸಲ್, ಅಂದರೆ ಉದ್ಯೋಗಿಯ ಕೆಲಸವನ್ನು ಮೌಲ್ಯಮಾಪನ ಮಾಡಿ ಸಂಬಳ, ಬೋನಸ್, ಬಡ್ತಿಗಳನ್ನು ತೀರ್ಮಾನಿಸುವ ಕ್ರಮ. ಯಾವ ನಡವಳಿಕೆಗೆ ಹಣ ಸಿಗುತ್ತದೆಯೋ ಆ ನಡವಳಿಕೆ ಬೆಳೆಯುತ್ತದೆ ಎಂಬ ಸರಳ ಮಾತನ್ನು ಒಪ್ಪಿದರೆ, ಕಂಪನಿಯೊಂದನ್ನು ಅರ್ಥಮಾಡಿಕೊಳ್ಳಬಯಸುವ ಉದ್ಯೋಗಿಯೂ ತಂಡ ನಡೆಸುವ ಮ್ಯಾನೇಜರೂ ಮೊದಲು ಓದಬೇಕಾದದ್ದು ಅಪ್ರೈಸಲ್ ನಿಯಮವನ್ನೇ.

ಇದನ್ನು ಪರಿಶೀಲಿಸಲು ಮೈಕ್ರೋಸಾಫ್ಟ್ ಒಂದು ಅನುಕೂಲವಾದ ಉದಾಹರಣೆ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಸ್ಥಾಪಿಸಿದ, ಇಂದು ಎರಡು ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿರುವ ಈ ಕಂಪನಿ ತನ್ನ ಮೌಲ್ಯಮಾಪನದ ನಿಯಮವನ್ನು ಒಂದು ಗೊತ್ತಾದ ದಿನಾಂಕದಲ್ಲಿ ಬದಲಿಸಿತು. ಹಾಗಾಗಿ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಿ ನೋಡಲು ಸಾಧ್ಯವಾಗುತ್ತದೆ. 2014ರ ಫೆಬ್ರುವರಿಯಿಂದ ಕಂಪನಿಯನ್ನು ಮುನ್ನಡೆಸುತ್ತಿರುವ ಸತ್ಯ ನಾಡೆಲ್ಲ ಮಣಿಪಾಲದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರಾದ್ದರಿಂದ ಕನ್ನಡ ಓದುಗರಿಗೆ ಈ ಕಥೆಯ ಒಂದು ತುದಿ ಪರಿಚಿತವೇ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ರದ್ದಾದ ನಿಯಮ ಬೆಂಗಳೂರಿನ ಐಟಿ ಕಚೇರಿಗಳಲ್ಲಿಯೂ ವರ್ಷಗಟ್ಟಲೆ ನಡೆದುಬಂದದ್ದು.

ಹತ್ತರಲ್ಲಿ ಒಬ್ಬ

ಆ ನಿಯಮಕ್ಕೆ ಸ್ಟ್ಯಾಕ್ ರ್‍ಯಾಂಕಿಂಗ್ ಎಂದು ಹೆಸರು. ಪ್ರತಿ ತಂಡದ ಮ್ಯಾನೇಜರ್ ತನ್ನ ಕೈಕೆಳಗಿನವರನ್ನು ಮೊದಲಿನಿಂದ ಕೊನೆಯವರೆಗೆ ಸಾಲಿನಲ್ಲಿ ಜೋಡಿಸಿ, ಮುಂಚೆಯೇ ಗೊತ್ತುಮಾಡಿದ ಪಾಲಿನ ಪ್ರಕಾರ ಇಷ್ಟು ಜನ ಉತ್ತಮರು, ಇಷ್ಟು ಜನ ಸಾಧಾರಣರು, ಇಷ್ಟು ಜನ ಕಳಪೆ ಎಂದು ಹಂಚಲೇಬೇಕಾದ ಕ್ರಮ ಇದು. ಹೆಚ್ಚಿನವರು ನಡುವೆ, ಸ್ವಲ್ಪ ಜನ ಎರಡು ತುದಿಗಳಲ್ಲಿ ಬರುವಂತೆ ಎಳೆದ ರೇಖೆ ಗಂಟೆಯ ಆಕಾರದಲ್ಲಿರುವುದರಿಂದ ಬೆಂಗಳೂರಿನಲ್ಲಿ ಇದನ್ನು ಬೆಲ್ ಕರ್ವ್ ಎಂದೇ ಕರೆಯುತ್ತಾರೆ. ಇದನ್ನು ಪ್ರಸಿದ್ಧಗೊಳಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್; ಮೇಲಿನ ಶೇ 20 ಜನರಿಗೆ ಧಾರಾಳ ಬಹುಮಾನ, ನಡುವಿನ ಶೇ 70 ಜನರಿಗೆ ಪ್ರೋತ್ಸಾಹ, ಕೆಳಗಿನ ಶೇ 10 ಜನರಿಗೆ ಹೊರದಾರಿ ಎಂಬುದು ಅವರ ಸೂತ್ರ.

ಸೂತ್ರ ಕಟುವಾಗಿದೆ ಎಂಬುದು ಒಂದು ಆಕ್ಷೇಪ. ಅದು ಲೆಕ್ಕದಲ್ಲೂ ತಪ್ಪು ಎಂಬುದು ಅದಕ್ಕಿಂತ ದೊಡ್ಡ ಆಕ್ಷೇಪ, ಆದರೆ ಇದನ್ನು ಎತ್ತುವವರು ಕಡಿಮೆ. ಇಡೀ ಕಂಪನಿಯಲ್ಲಿ ಹತ್ತರಲ್ಲಿ ಒಬ್ಬರ ಕೆಲಸ ನಿಜವಾಗಿಯೂ ಕಳಪೆ ಎಂದೇ ಒಪ್ಪಿಕೊಳ್ಳೋಣ. ಅಂಥವರು ತಂಡಗಳಲ್ಲಿ ಯಾದೃಚ್ಛಿಕವಾಗಿ ಹರಡಿದ್ದರೆ, ಹತ್ತು ಜನರ ತಂಡವೊಂದರಲ್ಲಿ ಕಳಪೆಯವರು ಒಬ್ಬರೂ ಇಲ್ಲದಿರುವ ಸಂಭವ ಸುಮಾರು ಶೇ 35, ಸರಿಯಾಗಿ ಒಬ್ಬರೇ ಇರುವ ಸಂಭವ ಸುಮಾರು ಶೇ 39, ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಭವ ಸುಮಾರು ಶೇ 26. ಅಂದರೆ ಪ್ರತಿ ತಂಡದಿಂದಲೂ ಒಬ್ಬರನ್ನು ಕೆಳಗಿಡಬೇಕೆಂಬ ನಿಯಮ ಐದರಲ್ಲಿ ಮೂರು ತಂಡಗಳ ವಿಷಯದಲ್ಲಿ ತಪ್ಪು ಫಲಿತಾಂಶವನ್ನೇ ಕೊಡುತ್ತದೆ: ಒಂದು ಕಡೆ ಒಳ್ಳೆಯ ಕೆಲಸಗಾರ ಬಲಿಯಾಗುತ್ತಾನೆ, ಇನ್ನೊಂದು ಕಡೆ ಕೆಲಸಗಳ್ಳ ಪಾರಾಗುತ್ತಾನೆ. ಗಂಟೆಯಾಕಾರದ ರೇಖೆ ಸಾವಿರಾರು ಜನರ ಗುಂಪಿಗೆ ಒಂದು ವೇಳೆ ಹೊಂದಬಹುದಾದರೂ ಹತ್ತು ಜನರ ತಂಡಕ್ಕೆ ಹೊಂದಬೇಕೆಂದಿಲ್ಲ, ಅದರಲ್ಲೂ ಕಠಿಣ ಸಂದರ್ಶನಗಳಲ್ಲಿ ಸೋಸಿ ಆರಿಸಿದ ಎಂಜಿನಿಯರ್‌ಗಳ ತಂಡಕ್ಕೆ.

ತಪ್ಪು ಲೆಕ್ಕದ ಪರಿಣಾಮ ನಡವಳಿಕೆಯಲ್ಲಿ ಕಾಣಿಸಿಕೊಂಡಿತು. 2012ರಲ್ಲಿ ಪತ್ರಕರ್ತ ಕರ್ಟ್ ಐಕೆನ್‌ವಾಲ್ಡ್ ವ್ಯಾನಿಟಿ ಫೇರ್ ಪತ್ರಿಕೆಗಾಗಿ ಮೈಕ್ರೋಸಾಫ್ಟ್‌ನ ಹಾಲಿ ಮತ್ತು ಮಾಜಿ ಉದ್ಯೋಗಿಗಳನ್ನು ಮಾತನಾಡಿಸಿದಾಗ, ಕಂಪನಿಯೊಳಗಿನ ಅತ್ಯಂತ ಹಾನಿಕರ ಪದ್ಧತಿ ಯಾವುದೆಂಬ ಪ್ರಶ್ನೆಗೆ ಅವರು ಬೊಟ್ಟುಮಾಡಿದ್ದು ಸ್ಟ್ಯಾಕ್ ರ್‍ಯಾಂಕಿಂಗ್ ಕಡೆಗೆ. ನಿಪುಣ ಎಂಜಿನಿಯರ್‌ಗಳು ತಮ್ಮಷ್ಟೇ ನಿಪುಣರಿರುವ ತಂಡಕ್ಕೆ ಹೋಗಲು ಹಿಂಜರಿಯುತ್ತಿದ್ದರು, ಏಕೆಂದರೆ ಅಲ್ಲಿ ಕೆಳಸ್ಥಾನಕ್ಕೆ ಜಾರುವ ಭಯ. ಸಹೋದ್ಯೋಗಿಗೆ ಬೇಕಾದ ಮಾಹಿತಿಯನ್ನು ಹೊರಗೆ ಸೌಜನ್ಯ ತೋರುತ್ತಲೇ ತಡೆಹಿಡಿಯುವವರೂ ಇದ್ದರು. ಹೊರಗಿನ ಪ್ರತಿಸ್ಪರ್ಧಿಯ ಜೊತೆ ಸೆಣಸಬೇಕಾದ ಶಕ್ತಿ ಒಳಜಗಳಕ್ಕೆ ವ್ಯಯವಾಯಿತು. ಸ್ಮಾರ್ಟ್‌ಫೋನಿನ ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್ ಹಿಂದೆ ಬೀಳಲು ಇದೊಂದೇ ಕಾರಣ ಎನ್ನುವುದು ಅತಿರೇಕ, ವಿಂಡೋಸ್ ಮೇಲಿನ ಅತಿಯಾದ ನೆಚ್ಚಿಕೆಯೂ ತಡವಾದ ನಿರ್ಧಾರಗಳೂ ಅದರ ಹಿಂದಿವೆ. ಆದರೆ ಕೈ ಜೋಡಿಸಿ ಮಾಡಬೇಕಾದ ಕೆಲಸಕ್ಕೆ ಈ ನಿಯಮ ಅಡ್ಡಿಯಾಗಿತ್ತು ಎಂಬುದನ್ನು ಕಂಪನಿಯೇ ಕೊನೆಗೆ ಒಪ್ಪಿಕೊಂಡಂತಾಯಿತು.

2013ರ ನವೆಂಬರ್‌ನಲ್ಲಿ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆ ಲೀಸಾ ಬ್ರಮೆಲ್ ಇನ್ನು ಮುಂದೆ ಕರ್ವ್ ಇರುವುದಿಲ್ಲ, ರೇಟಿಂಗ್ ಅಂಕಿಗಳೂ ಇರುವುದಿಲ್ಲ ಎಂದು ಉದ್ಯೋಗಿಗಳಿಗೆ ತಿಳಿಸಿದರು. ಆಗ ಮುಖ್ಯಸ್ಥರಾಗಿದ್ದವರು ಸ್ಟೀವ್ ಬಾಮರ್ ಎಂಬುದನ್ನು ಗಮನಿಸಬೇಕು. ಸಂಸ್ಕೃತಿಯ ಬದಲಾವಣೆಯ ಶ್ರೇಯಸ್ಸನ್ನೆಲ್ಲ ನಂತರ ಬಂದ ನಾಡೆಲ್ಲ ಅವರಿಗೇ ಸಲ್ಲಿಸುವ ಬರಹಗಳು ಈ ಕಾಲಕ್ರಮವನ್ನು ಮರೆತುಬಿಡುತ್ತವೆ. ಹಳೆಯ ಆಡಳಿತ ಹೋಗುವ ಮುನ್ನ ಅಡ್ಡಗೋಡೆಯನ್ನು ಕೆಡವಿತ್ತು, ಹೊಸ ಆಡಳಿತಕ್ಕೆ ಅಲ್ಲಿ ನಡೆದಾಡಲು ಜಾಗ ಸಿಕ್ಕಿತು. ಇದೇ ಅವಧಿಯಲ್ಲಿ ಅಡೋಬಿ 2012ರಲ್ಲಿ ವಾರ್ಷಿಕ ಅಪ್ರೈಸಲ್ ಪದ್ಧತಿಯನ್ನೇ ಬಿಟ್ಟಿತು, 2015ರಲ್ಲಿ ಅಕ್ಸೆಂಚರ್ ಅದೇ ದಾರಿ ಹಿಡಿಯಿತು, ಆ ದಶಕದ ನಡುಭಾಗದಲ್ಲಿ ಇನ್ಫೋಸಿಸ್ ಕಡ್ಡಾಯ ಬೆಲ್ ಕರ್ವ್‌ನಿಂದ ಹೊರಬಂದಿತು.

ಆದರೂ ಕರ್ವ್ ರದ್ದಾಯಿತು ಎಂಬ ಸುದ್ದಿಯನ್ನು ಓದುಗರು ಎಚ್ಚರಿಕೆಯಿಂದ ತೂಗಬೇಕು. ಬೋನಸ್‌ಗೆಂದು ಮ್ಯಾನೇಜರ್ ಕೈಗೆ ಬರುವ ಮೊತ್ತಕ್ಕೆ ಮಿತಿ ಇರುವವರೆಗೆ ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲೇಬೇಕು. ವಿವಿಧ ತಂಡಗಳ ಮ್ಯಾನೇಜರ್‌ಗಳು ಒಟ್ಟಿಗೆ ಕುಳಿತು ತಮ್ಮ ತೀರ್ಮಾನಗಳನ್ನು ಸರಿಹೊಂದಿಸಿಕೊಳ್ಳುವ ಕ್ಯಾಲಿಬ್ರೇಷನ್ ಸಭೆಗಳು ಅನೇಕ ಕಂಪನಿಗಳಲ್ಲಿ ಮುಂದುವರಿದಿವೆ, ಮತ್ತು ಕಾಗದದ ಮೇಲಿಂದ ಅಳಿಸಿದ ಕರ್ವ್ ಆ ಕೋಣೆಯೊಳಗೆ ಹೆಸರಿಲ್ಲದೆ ಬದುಕಿರಬಹುದು. ಆದ್ದರಿಂದ ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆ, ಬೆಲ್ ಕರ್ವ್ ಇದೆಯೇ ಎಂಬುದಕ್ಕಿಂತ, ಇಡೀ ತಂಡವೇ ಚೆನ್ನಾಗಿ ಕೆಲಸ ಮಾಡಿದ ವರ್ಷ ಎಲ್ಲರಿಗೂ ಮೇಲಿನ ದರ್ಜೆ ಸಿಗುವುದು ಸಾಧ್ಯವೇ, ಹಿಂದೆ ಹಾಗೆ ಸಿಕ್ಕಿದ್ದುಂಟೇ ಎಂಬುದು. ಉತ್ತರ ಕೊಡುವವರು ತಡವರಿಸಿದರೆ ಅದೂ ಒಂದು ಉತ್ತರವೇ.

ಮೂರು ಪ್ರಶ್ನೆಗಳು

ಅಂಕಿಗಳ ಜಾಗದಲ್ಲಿ ಮೈಕ್ರೋಸಾಫ್ಟ್ ತಂದದ್ದು ಕನೆಕ್ಟ್ ಎಂಬ ಸಂವಾದವನ್ನು. ಉದ್ಯೋಗಿ ಮತ್ತು ಮ್ಯಾನೇಜರ್ ಆಗಾಗ ಕುಳಿತು ಮಾತನಾಡುವ ಈ ಕ್ರಮದಲ್ಲಿ ಕೆಲಸದ ಪ್ರಭಾವವನ್ನು ಮೂರು ಬದಿಗಳಿಂದ ನೋಡಲಾಗುತ್ತದೆ: ಉದ್ಯೋಗಿ ಸ್ವತಃ ಸಾಧಿಸಿದ್ದೇನು, ಇತರರ ಯಶಸ್ಸಿಗೆ ಕೊಟ್ಟ ನೆರವೇನು, ಇತರರು ಮಾಡಿಟ್ಟ ಕೆಲಸವನ್ನು ಬಳಸಿಕೊಂಡು ಮುಂದೆ ಕಟ್ಟಿದ್ದೇನು. ಮೂರನೆಯದು ವಿಶೇಷವಾಗಿ ಜಾಣತನದ ಪ್ರಶ್ನೆ. ಸಾಫ್ಟ್‌ವೇರ್ ವಲಯದಲ್ಲಿ ಪಕ್ಕದ ತಂಡ ಬರೆದಿಟ್ಟ ಕೋಡನ್ನು ಬಳಸದೆ ಎಲ್ಲವನ್ನೂ ಹೊಸದಾಗಿ ತಾವೇ ಬರೆದು ಹೆಸರು ಗಳಿಸುವ ಚಾಳಿ ಹಳೆಯದು. ಇದ್ದದ್ದನ್ನು ಬಳಸಿದವರಿಗೂ ಮನ್ನಣೆ ಉಂಟು ಎಂದಾಗ ಆ ಚಾಳಿಯ ಬೇರು ಸಡಿಲವಾಗುತ್ತದೆ.

ಈ ಮೂರು ಪ್ರಶ್ನೆಗಳನ್ನು ಬಳಸಲು ಮೈಕ್ರೋಸಾಫ್ಟ್‌ನಲ್ಲೇ ಇರಬೇಕೆಂದಿಲ್ಲ. ವರ್ಷದ ಕೊನೆಗೆ ಸೆಲ್ಫ್ ಅಪ್ರೈಸಲ್ ಫಾರ್ಮ್ ತುಂಬುವಾಗ ಅನೇಕರು ಕೊನೆಯ ಎರಡು ತಿಂಗಳ ಕೆಲಸವನ್ನು ಮಾತ್ರ ನೆನಪಿಸಿಕೊಂಡು ಬರೆಯುತ್ತಾರೆ, ಮ್ಯಾನೇಜರ್‌ಗಳ ನೆನಪೂ ಅಷ್ಟೇ ಗಿಡ್ಡ. ತಿಂಗಳಿಗೊಮ್ಮೆ ಅರ್ಧ ಗಂಟೆ ಕುಳಿತು ಈ ಮೂರು ತಲೆಬರಹಗಳ ಕೆಳಗೆ ನಾಲ್ಕೈದು ಸಾಲು ಬರೆದಿಟ್ಟುಕೊಳ್ಳುವ ಉದ್ಯೋಗಿಯ ಬಳಿ ವರ್ಷಾಂತ್ಯಕ್ಕೆ ವಾದಕ್ಕಿಂತ ಗಟ್ಟಿಯಾದ ದಾಖಲೆ ಇರುತ್ತದೆ. ಬರೆಯುವಾಗ ಬಹಳ ಶ್ರಮಪಟ್ಟೆ, ರಾತ್ರಿಯೆಲ್ಲ ಎಚ್ಚರವಿದ್ದೆ ಎಂಬಂಥ ಮಾತುಗಳಿಗಿಂತ, ಯಾವ ಕೆಲಸದಿಂದ ಯಾರಿಗೆ ಏನು ಸುಲಭವಾಯಿತು, ಎಷ್ಟು ಸಮಯ ಉಳಿಯಿತು, ಯಾವ ದೂರು ನಿಂತಿತು ಎಂಬ ವಿವರ ಹೆಚ್ಚು ತೂಗುತ್ತದೆ. ಹೊಸಬರಿಗೆ ಕೆಲಸ ಕಲಿಸಿದ್ದನ್ನು ಫಾರ್ಮ್‌ನಲ್ಲಿ ನಮೂದಿಸಲು ಸಂಕೋಚಪಡುವವರು ಕನ್ನಡಿಗರಲ್ಲಿ ಸ್ವಲ್ಪ ಹೆಚ್ಚೇ ಎನ್ನಬಹುದು. ಎರಡನೆಯ ಪ್ರಶ್ನೆ ಇರುವುದೇ ಅದಕ್ಕಾಗಿ.

ನಾಡೆಲ್ಲ ಈ ಬದಲಾವಣೆಗೆ ಒಂದು ತಾತ್ವಿಕ ಚೌಕಟ್ಟನ್ನು ಒದಗಿಸಿದರು. ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ 2006ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಗ್ರೋತ್ ಮೈಂಡ್‌ಸೆಟ್, ಅಂದರೆ ಸಾಮರ್ಥ್ಯವೆಂಬುದು ಹುಟ್ಟಿನಿಂದ ನಿಗದಿಯಾದದ್ದಲ್ಲ, ಪ್ರಯತ್ನ ಮತ್ತು ಕಲಿಕೆಯಿಂದ ಬೆಳೆಯಬಲ್ಲದ್ದು ಎಂಬ ಮನೋಭಾವವನ್ನು ಅವರು ಕಂಪನಿಯ ಮಾತುಕತೆಯ ಕೇಂದ್ರಕ್ಕೆ ತಂದರು. ಈ ಪರಿಕಲ್ಪನೆಯ ದುರುಪಯೋಗವೂ ಸುಲಭ: ಸಾಧ್ಯವೇ ಇಲ್ಲದ ಗಡುವು ಕೊಟ್ಟು, ಆಗುವುದಿಲ್ಲ ಎಂದವನಿಗೆ ನಿನ್ನ ಮನೋಭಾವ ಸರಿಯಿಲ್ಲ ಎಂದು ಬಾಯಿ ಮುಚ್ಚಿಸುವ ಮ್ಯಾನೇಜರ್ ಕೈಯಲ್ಲಿ ಅದು ಹೊಸ ಬಗೆಯ ಬೆತ್ತವಾಗುತ್ತದೆ. ಅದು ನಿಜವಾಗಿ ಜಾರಿಯಲ್ಲಿದೆಯೇ ಎಂದು ತಿಳಿಯಬೇಕಾದರೆ ತಪ್ಪು ನಡೆದ ದಿನ ಏನಾಗುತ್ತದೆ ಎಂದು ನೋಡಬೇಕು.

ಅಂಥ ದಿನವೊಂದು 2016ರ ಮಾರ್ಚ್‌ನಲ್ಲಿ ಬಂತು. ಮೈಕ್ರೋಸಾಫ್ಟ್ ಟ್ವಿಟರ್‌ನಲ್ಲಿ ಬಿಟ್ಟ ಟೇ ಎಂಬ ಸಂಭಾಷಣಾ ಯಂತ್ರ, ಕಿಡಿಗೇಡಿಗಳು ಹೇಳಿಕೊಟ್ಟ ಜನಾಂಗದ್ವೇಷದ ಮಾತುಗಳನ್ನೇ ಆಡತೊಡಗಿದ್ದರಿಂದ ಒಂದೇ ದಿನದೊಳಗೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಜಗತ್ತೆಲ್ಲ ನಕ್ಕ ಆ ಸೋಲಿನ ನಂತರ ನಾಡೆಲ್ಲ ಆ ತಂಡಕ್ಕೆ ಪತ್ರ ಬರೆದು, ತಾವು ಅವರ ಜೊತೆಗಿರುವುದಾಗಿಯೂ ಕೆಲಸವನ್ನು ನಿಲ್ಲಿಸಬಾರದೆಂದೂ ತಿಳಿಸಿದರು. ಸ್ವತಃ ಅವರೇ ಎಡವಿದ್ದೂ ಉಂಟು: 2014ರ ಅಕ್ಟೋಬರ್‌ನಲ್ಲಿ ಮಹಿಳಾ ತಂತ್ರಜ್ಞರ ಸಮ್ಮೇಳನವೊಂದರಲ್ಲಿ, ಸಂಬಳ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ವ್ಯವಸ್ಥೆಯನ್ನು ನಂಬುವುದು ಒಳ್ಳೆಯ ಕರ್ಮ ಎಂಬರ್ಥದ ಮಾತನಾಡಿ ತೀವ್ರ ಟೀಕೆಗೆ ಗುರಿಯಾದಾಗ, ಅದೇ ದಿನ ಉದ್ಯೋಗಿಗಳಿಗೆ ಪತ್ರ ಬರೆದು ತಮ್ಮ ಉತ್ತರ ಸಂಪೂರ್ಣ ತಪ್ಪೆಂದು ಒಪ್ಪಿಕೊಂಡರು. ಮೇಲಿನವರು ತಪ್ಪೊಪ್ಪಿಕೊಂಡ ಕಚೇರಿಯಲ್ಲಿ ಕೆಳಗಿನವರಿಗೂ ಒಪ್ಪಿಕೊಳ್ಳಲು ಧೈರ್ಯ ಬರುತ್ತದೆ.

ಈ ಧೈರ್ಯಕ್ಕೆ ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಮಾನಸಿಕ ಸುರಕ್ಷತೆ ಎಂಬ ಹೆಸರು ಬಳಸುತ್ತಾರೆ. ಪ್ರಶ್ನೆ ಕೇಳಿದರೆ, ತಪ್ಪು ಹೇಳಿಕೊಂಡರೆ, ಭಿನ್ನಾಭಿಪ್ರಾಯ ತಿಳಿಸಿದರೆ ಅವಮಾನವಾಗದು ಎಂಬ ತಂಡದೊಳಗಿನ ನಂಬಿಕೆ ಅದು. 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅವರು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲಿಯೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು, ಏಕೆಂದರೆ ಅಲ್ಲಿ ತಪ್ಪುಗಳನ್ನು ಮುಚ್ಚಿಡುತ್ತಿರಲಿಲ್ಲ. ಬೆಂಗಳೂರಿನ ಮ್ಯಾನೇಜರ್‌ಗೆ ಇದರಿಂದ ಸಿಗುವ ಉಪಾಯ ನೇರವಾದದ್ದು: ನಡುರಾತ್ರಿ ಸರ್ವರ್ ಬಿದ್ದಾಗ ಕರೆಯುವ ಮೊದಲ ಕಾಲ್‌ನಲ್ಲಿ ಯಾರು ಮಾಡಿದ್ದು ಎಂದು ಕೇಳದೆ, ಏನಾಯಿತು, ಯಾವ ತಪಾಸಣೆ ಇದ್ದಿದ್ದರೆ ಇದು ಮೊದಲೇ ತಿಳಿಯುತ್ತಿತ್ತು ಎಂದು ಕೇಳುವುದು. ತಂಡದಿಂದ ಆರು ತಿಂಗಳಾದರೂ ಒಂದೂ ಕೆಟ್ಟ ಸುದ್ದಿ ಬರದಿದ್ದರೆ ಮ್ಯಾನೇಜರ್ ಸಂತೋಷಪಡುವುದಕ್ಕಿಂತ ಚಿಂತಿಸುವುದು ಮೇಲು.

ಹೈಕ್ ಮತ್ತು ಹುಮ್ಮಸ್ಸು

ಪ್ರೇರಣೆಯ ವಿಚಾರಕ್ಕೆ ಬಂದರೆ, ಐಟಿ ವಲಯದ ಮಾತುಕತೆಯೆಲ್ಲ ಹೈಕ್ ಎಂಬ ವಾರ್ಷಿಕ ಸಂಬಳ ಏರಿಕೆಯ ಸುತ್ತಲೇ ತಿರುಗುತ್ತದೆ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು ಇನ್ನೂರು ಎಂಜಿನಿಯರ್ ಮತ್ತು ಲೆಕ್ಕಿಗರನ್ನು ಸಂದರ್ಶಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನ, ಅತೃಪ್ತಿಯ ಕಾರಣಗಳು ಒಂದು ಬಗೆಯವು, ತೃಪ್ತಿಯ ಕಾರಣಗಳು ಇನ್ನೊಂದು ಬಗೆಯವು ಎಂದಿತು. ಸಂಬಳ, ಮೇಲ್ವಿಚಾರಣೆ, ಕಚೇರಿಯ ಸ್ಥಿತಿಗತಿ ಕೆಟ್ಟಿದ್ದರೆ ಮನಸ್ಸು ಕೆಡುತ್ತದೆ, ಅವು ಸರಿಯಾದ ಮಾತ್ರಕ್ಕೆ ಹುಮ್ಮಸ್ಸು ಹುಟ್ಟುವುದಿಲ್ಲ. ಹುಮ್ಮಸ್ಸು ಬರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆ ಮತ್ತು ಕೆಲಸದ ಸ್ವಾರಸ್ಯದಿಂದ. ಮೈಕ್ರೋಸಾಫ್ಟ್‌ನ ಮಾನವ ಸಂಪನ್ಮೂಲ ವಿಭಾಗವನ್ನು ನಾಡೆಲ್ಲ ಕಾಲದಲ್ಲಿ ವಹಿಸಿಕೊಂಡ ಕ್ಯಾಥ್ಲೀನ್ ಹೋಗನ್ ಇದಕ್ಕೆ ಹತ್ತಿರವಾದ ಐದು ಮೆಟ್ಟಿಲುಗಳ ಕ್ರಮವೊಂದನ್ನು ಮುಂದಿಟ್ಟರು: ತಳದಲ್ಲಿ ಸಂಬಳ, ಅದರ ಮೇಲೆ ಸೌಲಭ್ಯ, ಆಮೇಲೆ ಜೊತೆಗಾರರು, ಹೆಮ್ಮೆ, ತುದಿಯಲ್ಲಿ ಕೆಲಸದ ಉದ್ದೇಶ. ತಳದ ಮೆಟ್ಟಿಲು ಕುಸಿದರೆ ತುದಿಯನ್ನು ತೋರಿಸಿ ಸಮಾಧಾನ ಮಾಡಲಾಗದು ಎಂಬುದು ಈ ಕ್ರಮದಲ್ಲಿಯೇ ಅಡಗಿದೆ, ಆದರೆ ಸಂಬಳ ಹೆಚ್ಚಿಸದ ಕಂಪನಿಗಳೇ ಉದ್ದೇಶದ ಬಗ್ಗೆ ಹೆಚ್ಚು ಭಾಷಣ ಮಾಡುವುದು ಸಾಮಾನ್ಯ ನೋಟ.

ಉದ್ದೇಶ ಭಾಷಣವಾಗದೆ ಕೆಲಸವಾದ ನಿದರ್ಶನವೂ ಇದೆ. 2014ರಿಂದ ಮೈಕ್ರೋಸಾಫ್ಟ್ ವರ್ಷಕ್ಕೊಮ್ಮೆ ಹ್ಯಾಕಥಾನ್ ನಡೆಸುತ್ತಿದೆ. ಉದ್ಯೋಗಿಗಳು ಕೆಲ ದಿನ ತಮ್ಮ ನಿತ್ಯದ ಹೊಣೆ ಬಿಟ್ಟು, ಬೇಕಾದವರ ಜೊತೆ ತಂಡ ಕಟ್ಟಿಕೊಂಡು, ತಮಗೆ ಇಷ್ಟವಾದ ಸಮಸ್ಯೆಗೆ ಪರಿಹಾರ ಹುಡುಕುವ ಕಾರ್ಯಕ್ರಮ ಅದು. ಕೈಗಳ ಚಲನೆ ಸೀಮಿತವಾಗಿರುವವರೂ ವಿಡಿಯೊ ಗೇಮ್ ಆಡಲು ಸಾಧ್ಯವಾಗಿಸಿದ, 2018ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನ ಆರಂಭದ ಮಾದರಿ ರೂಪುಗೊಂಡದ್ದು ಇಂಥ ಹ್ಯಾಕಥಾನ್‌ನಲ್ಲಿ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಒಳಗಿನಿಂದ ಹುಟ್ಟುವ ಪ್ರೇರಣೆಗೆ ಬೇಕೆಂದು ಗುರುತಿಸಿದ ಮೂರೂ ಸಂಗತಿಗಳು, ಅಂದರೆ ಸ್ವಾಯತ್ತತೆ, ಕೌಶಲದ ಅನುಭವ, ಇತರರೊಂದಿಗಿನ ಬಾಂಧವ್ಯ, ಅಲ್ಲಿ ಒಟ್ಟಿಗೆ ಇದ್ದವು. ಶನಿವಾರ ಭಾನುವಾರಗಳಲ್ಲಿ ಕಡ್ಡಾಯವಾಗಿ ಹ್ಯಾಕಥಾನ್ ಇಡುವ ಕಂಪನಿಗಳು ಈ ಮೂರರಲ್ಲಿ ಮೊದಲನೆಯದನ್ನು ಆರಂಭದಲ್ಲಿಯೇ ಕಳೆದುಕೊಂಡಿರುತ್ತವೆ.

ದುಡಿಮೆಯ ಗಂಟೆಗಳ ಬಗ್ಗೆಯೂ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಜಪಾನ್ ತನ್ನ ಸುಮಾರು 2,300 ಉದ್ಯೋಗಿಗಳಿಗೆ ಪ್ರತಿ ಶುಕ್ರವಾರವೂ ವೇತನಸಹಿತ ರಜೆ ಕೊಟ್ಟು, ಸಭೆಗಳ ಅವಧಿಯನ್ನು ಅರ್ಧ ಗಂಟೆಗೆ ಮಿತಗೊಳಿಸಲು ಹೇಳಿದಾಗ, ತಲಾ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಶೇ 40 ಹೆಚ್ಚಿತ್ತು. ಒಂದೇ ತಿಂಗಳ ಪ್ರಯೋಗವಾದ್ದರಿಂದ ಇದರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು, ಆದರೆ ಸಭೆಗಳನ್ನು ಮೊಟಕುಗೊಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಗಂಟೆಗಳ ಲೆಕ್ಕದ ಹಿಂದೆ ಅಪನಂಬಿಕೆಯೂ ಇರುತ್ತದೆ: 2022ರ ಸಮೀಕ್ಷೆಯೊಂದರಲ್ಲಿ ಶೇ 87ರಷ್ಟು ಉದ್ಯೋಗಿಗಳು ತಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಎಂದರೆ, ತಮ್ಮ ತಂಡದ ದುಡಿಮೆಯ ಬಗ್ಗೆ ಪೂರ್ಣ ವಿಶ್ವಾಸವಿದೆ ಎಂದ ಮುಖ್ಯಸ್ಥರು ಶೇ 12 ಮಾತ್ರ ಎಂದು ಮೈಕ್ರೋಸಾಫ್ಟ್ ವರದಿ ಮಾಡಿತು. 2024ರಲ್ಲಿ ಕರ್ನಾಟಕದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಬಂದು, ನೌಕರರ ಸಂಘಟನೆ ಅದನ್ನು ಬಲವಾಗಿ ವಿರೋಧಿಸಿದಾಗ ಕಂಡದ್ದೂ ಇದೇ ಅಪನಂಬಿಕೆಯ ಇನ್ನೊಂದು ಮುಖ.

ಇಷ್ಟೆಲ್ಲ ಸುಧಾರಣೆಗೂ ಒಂದು ಗಡಿಯಿದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಹುದ್ದೆಗಳನ್ನು ತೆಗೆಯುವುದಾಗಿ ಪ್ರಕಟಿಸಿತು, ಅದೇ ವರ್ಷ ಪೂರ್ಣಾವಧಿ ವೇತನದಾರರಿಗೆ ಸಂಬಳ ಏರಿಕೆಯನ್ನು ನಿಲ್ಲಿಸಿತು, 2025ರ ಜುಲೈನಲ್ಲಿ ಮತ್ತೆ ಸುಮಾರು 9,000 ಜನರನ್ನು ಕಡಿತಗೊಳಿಸಿತು. ಲಾಭದಲ್ಲಿರುವ ಕಂಪನಿ ಹೀಗೆ ಮಾಡಿದಾಗ ಕೆಳಗಿನ ಶೇ 10ರ ಭಯ ಬೇರೆ ವೇಷದಲ್ಲಿ ಮರಳಿ ಬರುತ್ತದೆ, ಮತ್ತು ಮಾಹಿತಿಯನ್ನು ತನ್ನಲ್ಲೇ ಇಟ್ಟುಕೊಂಡರೆ ತಾನು ಉಳಿಯಬಹುದು ಎಂಬ ಲೆಕ್ಕಾಚಾರವೂ ಮರಳುತ್ತದೆ. ಮ್ಯಾನೇಜರ್ ಒಬ್ಬನಿಗೆ ಕಡಿತವನ್ನು ತಡೆಯುವ ಅಧಿಕಾರ ಇರುವುದಿಲ್ಲ. ಗೊತ್ತಿಲ್ಲದ ಭರವಸೆ ಕೊಡದಿರುವುದು, ತೀರ್ಮಾನದ ಮಾನದಂಡ ತಿಳಿದ ಕೂಡಲೇ ಹೇಳುವುದು, ಹೊರಹೋಗುವವರ ಕೆಲಸದ ಬಗ್ಗೆ ಲಿಖಿತ ಪ್ರಶಂಸೆ ಕೊಡುವುದು ಅವನ ಕೈಯಲ್ಲಿರುತ್ತವೆ. ಉಳಿದವರು ಆ ನಡವಳಿಕೆಯನ್ನೇ ನೋಡುತ್ತಿರುತ್ತಾರೆ.

ಉದ್ಯೋಗಿಯ ಕಡೆಯಿಂದ ನೋಡಿದರೆ ಕಾಗದಪತ್ರದ ಎಚ್ಚರಿಕೆಯೇ ಮೊದಲನೆಯದು. ಆಫರ್ ಲೆಟರ್‌ನಲ್ಲಿ ಸಿಟಿಸಿ ಎಂದು ತೋರಿಸುವ ಒಟ್ಟು ಮೊತ್ತದಲ್ಲಿ ವೇರಿಯಬಲ್ ಪೇ, ಅಂದರೆ ರೇಟಿಂಗ್ ಮತ್ತು ಕಂಪನಿಯ ಫಲಿತಾಂಶವನ್ನು ಅವಲಂಬಿಸಿ ಬರಬಹುದಾದ ಅಥವಾ ಬಾರದಿರಬಹುದಾದ ಭಾಗ ಎಷ್ಟು, ಅದನ್ನು ಯಾರು ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ ಎಂದು ಸೇರುವ ಮುನ್ನವೇ ಬರವಣಿಗೆಯಲ್ಲಿ ಕೇಳಬೇಕು. ರೇಟಿಂಗ್ ಬಗ್ಗೆ ಅಸಮಾಧಾನವಿದ್ದರೆ ಅಪ್ರೈಸಲ್ ಸಭೆ ಮುಗಿದ ಒಂದೆರಡು ದಿನಗಳಲ್ಲಿ, ಮ್ಯಾನೇಜರ್ ಹೇಳಿದ ಕಾರಣಗಳನ್ನು ಶಾಂತವಾದ ಭಾಷೆಯಲ್ಲಿ ಇಮೇಲ್ ಮಾಡಿ ದೃಢಪಡಿಸಿಕೊಳ್ಳುವುದು ಮುಂದಿನ ಯಾವುದೇ ಮನವಿಗೆ ಆಧಾರವಾಗುತ್ತದೆ. ಪಿಐಪಿ ಎಂಬ ಸುಧಾರಣಾ ಅವಧಿಗೆ ಹಾಕಿದರೆ, ಗುರಿಗಳು ಅಳೆಯುವಂಥವೇ, ಗಡುವು ಎಷ್ಟು, ಪರಿಶೀಲಿಸುವವರು ಯಾರು ಎಂಬುದನ್ನು ಸಹಿ ಮಾಡುವ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ದೂರು ಕೊಡುವ ದಾರಿಗಳನ್ನೂ ತಿಳಿದಿರಬೇಕು. ನೌಕರಿಯ ಷರತ್ತುಗಳನ್ನು ಬರವಣಿಗೆಯಲ್ಲಿ ನಿಗದಿಪಡಿಸಬೇಕೆನ್ನುವ ಸ್ಥಾಯೀ ಆದೇಶಗಳ ಕಾಯಿದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತ ಬಂದಾಗ, ಆಡಳಿತದ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿಯನ್ನು ರಚಿಸಬೇಕೆಂಬ ಷರತ್ತನ್ನು ವಿಧಿಸಿತ್ತು. ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕೇಂದ್ರ ಕಾಯಿದೆ ಹೇಳುತ್ತದೆ. ಈ ಸಮಿತಿಗಳ ಸದಸ್ಯರ ಹೆಸರುಗಳು ಕಂಪನಿಯ ಆಂತರಿಕ ಜಾಲತಾಣದಲ್ಲಿ ಎಲ್ಲಿವೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ನೋಡಿಟ್ಟುಕೊಳ್ಳಲು ಹತ್ತು ನಿಮಿಷ ಸಾಕು.